ಫುಕಟ ಮಾಹಿತಿಕೋಶಕ್ಕ ರೊಕ್ಕ ಎಲ್ಲಿಂದ ಬರ್ತೈತಿ? ನಾಟಕ ಕಂಪನಿ ದಾಖಲೆ ಕೆಲಸಕ್ಕ ಬೇಕಾಗೇತಿ

ಬನಶಂಕರಿ_ತೇರು (ಬಾದಾಮಿ)

ಬೆಳಗಾವಿ, ಬಾಗಲಕೋಟಿ, ವಿಜಯಪುರ ಈ ಮೂರು ಜಿಲ್ಲಾದ ವೃತ್ತಿ ನಾಟಕ ಕಂಪನಿ, ಪಾರಿಜಾತ ಮೇಳ, ಜಾನಪದ ಕ್ಯಾಸೆಟ್ಟು ಎಲ್ಲಾ ಕೂಡಿಸಿ ಹುಡುಕಾಕ ಬರೂ ಹಂಗ ಒಂದು ಮಾಹಿತಿಕೋಶ ಮಾಡೂದೈತಿ. ಸದ್ಯಕ್ಕ 3,000 ದಾಖಲೆ, 1,000 ಹ್ಯಾಂಡ್‌ಬಿಲ್ ಅಂತ ಹಿಡೀರಿ. ಸಿನಿಮಾ ಮಾಹಿತಿಕೋಶ ಐಎಂಡಿಬಿ, ಸಂಗೀತದ ಡಿಸ್ಕಾಗ್ಸ್, ಮ್ಯೂಸಿಕ್‌ಬ್ರೇನ್ಜ್ ಎಲ್ಲಾ ನೋಡೋರಿಗೆ ಫುಕಟ ಅದಾವ. ಹಂಗಾದ್ರ ಅವು ನಡಿಯೂದು ಹೆಂಗ? ಜಾಹೀರಾತಿನ ಮ್ಯಾಲೇನು? ಅದ ದಾರಿ ನಮಗ ಹತ್ತತೈತೇನು? ಲೆಕ್ಕದ ಸಮೇತ ಹೇಳ್ರಿ.

ಕುಂದಾನಗರಿ (ಬೆಳಗಾವಿ)

ಐಎಂಡಿಬಿಯ ಹುಟ್ಟಿನಿಂದಲೇ ಹಿಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಯೂಸ್‌ನೆಟ್ ಎಂಬ ಹಳೆಯ ಜಾಲ ಚರ್ಚಾಕೂಟದ ಗುಂಪಿನಲ್ಲಿ ಸಿನಿಮಾ ಹುಚ್ಚಿನವರು ಕೂಡಿಸಿದ್ದ ನಟ-ನಟಿಯರ ಪಟ್ಟಿಗಳನ್ನು 1990ರಲ್ಲಿ ಕಾಲ್ ನೀಡಮ್ ಎಂಬ ಬ್ರಿಟಿಷ್ ಪ್ರೋಗ್ರಾಮರ್ ಹುಡುಕಲು ಬರುವಂತೆ ಮಾಡಿದರು. ಆರು ವರ್ಷ ಹವ್ಯಾಸಿಗಳೇ ನಡೆಸಿದರು. 1996ರಲ್ಲಿ ಅದು ಕಂಪನಿಯಾಯಿತು, 1998ರಲ್ಲಿ ಅಮೆಜಾನ್ ಕೊಂಡಿತು. ಅದೇ ವರ್ಷ ಅಮೆಜಾನ್ ವಿಡಿಯೊ ಮಾರಾಟ ಶುರು ಮಾಡಿತು. ಸಿನಿಮಾ ಹುಡುಕುವ ಮಂದಿ ದಿನಾ ಬಂದು ಕೂಡುವ ಕಟ್ಟೆಯೇ ಅದಕ್ಕೆ ಬೇಕಿತ್ತು.

ಇವತ್ತು ಆ ಕೆರೆಗೆ ನಾಲ್ಕು ಕಾಲುವೆಗಳಿವೆ. ಪುಟದ ಮೇಲಿನ ಜಾಹೀರಾತು ಎಲ್ಲರಿಗೂ ಕಾಣುತ್ತದೆ. ಎರಡನೆಯದು 2002ರಲ್ಲಿ ಶುರುವಾದ ಐಎಂಡಿಬಿ ಪ್ರೊ. ತಿಂಗಳಿಗೆ ಸುಮಾರು 20 ಡಾಲರ್ ಚಂದಾ. ನಟರು ತಮ್ಮ ಪುಟದ ಮುಖ್ಯ ಫೋಟೊ ಆರಿಸಿಕೊಳ್ಳುವುದು, ನಿರ್ಮಾಪಕರು ಏಜೆಂಟರ ಸಂಪರ್ಕ ಹುಡುಕುವುದು, ಇನ್ನೂ ತಯಾರಿಯಲ್ಲಿರುವ ಚಿತ್ರಗಳ ವಿವರ ನೋಡುವುದು ಎಲ್ಲ ಅಲ್ಲಿ. ಮೂರನೆಯದು ದತ್ತಾಂಶದ ಪರವಾನಗಿ: ಟಿವಿ, ಸ್ಟ್ರೀಮಿಂಗ್ ಕಂಪನಿಗಳು ರೇಟಿಂಗು, ತಾರಾಗಣದ ಪಟ್ಟಿಯನ್ನು ತಮ್ಮ ಆ್ಯಪ್‌ನಲ್ಲಿ ತೋರಿಸಬೇಕಾದರೆ ಖರೀದಿಸಬೇಕು. ನಾಲ್ಕನೆಯದು ಒಡೆಯನ ಮನೆಯ ಕೆಲಸ. ಪ್ರೈಮ್ ವಿಡಿಯೊದಲ್ಲಿ ದೃಶ್ಯ ನಿಲ್ಲಿಸಿದಾಗ ಆ ನಟ ಯಾರು ಎಂದು ತೋರಿಸುವ ಎಕ್ಸ್-ರೇ ಸೌಲಭ್ಯ ನಿಂತಿರುವುದು ಇದೇ ದಾಖಲೆಗಳ ಮೇಲೆ. ಇದಕ್ಕೆ ಬಿಲ್ ಯಾರಿಗೂ ಕಾಣುವುದಿಲ್ಲ, ಬೆಲೆ ಮಾತ್ರ ದೊಡ್ಡದು.

2019ರಲ್ಲಿ ಜಾಹೀರಾತಿನ ಮೇಲೆ ಪುಕ್ಕಟೆ ಸಿನಿಮಾ ತೋರಿಸುವ ಪ್ರಯತ್ನವನ್ನೂ ಮಾಡಿದರು. ಫ್ರೀಡೈವ್ ಅಂತ ಶುರುವಾಗಿ, ಐಎಂಡಿಬಿ ಟಿವಿ ಆಗಿ, 2022ರಲ್ಲಿ ಫ್ರೀವೀ ಆಗಿ, ಕಡೆಗೆ ಪ್ರೈಮ್ ವಿಡಿಯೊದೊಳಗೆ ಕರಗಿತು.

ಇಷ್ಟರಲ್ಲಿ ನಿಮಗೆ ಬೇಕಾದದ್ದು ಎರಡನೆಯ ಕಾಲುವೆ. ಆ ಪುಟದಲ್ಲಿ ಯಾರ ಹೆಸರಿದೆಯೋ ಅವರೂ, ಹೆಸರು ನೋಡಿ ಕೆಲಸ ಕೊಡುವವರೂ ರೊಕ್ಕ ಬಿಚ್ಚುತ್ತಾರೆ. ನೋಡಿ ಹೋಗುವವರು ಬಿಚ್ಚುವುದು ಬಹಳ ಅಪರೂಪ.

ಪಿಸುಗುಮ್ಮಟ (ವಿಜಯಪುರ)

ಜಾಹೀರಾತಿನ ಲೆಕ್ಕ ನಾ ಬಿಡಿಸ್ತೀನಿ. ಆಡ್‌ಸೆನ್ಸ್ ಅಂದ್ರ ಪುಟದ ಮ್ಯಾಲ ಜಾಹೀರಾತು ಹಚ್ಚೂ ಗೂಗಲ್ಲಿನ ಸೇವಾ. ಅದರ ದರ ವಿಷಯ, ಊರು, ಹಂಗಾಮಿನ ಮ್ಯಾಲ ಏರಿಳಿತದ, ಅದಕ್ಕ ಖಾಯಂ ಅಂಕಿ ಇರಂಗಿಲ್ಲ. ಲೆಕ್ಕಕ್ಕಂತ ಸಾವಿರ ಪುಟವೀಕ್ಷಣೆಗೆ 30 ರೂಪಾಯಿ ಹಿಡೀರಿ. ತಿಂಗಳಿಗೆ 20,000 ವೀಕ್ಷಣೆ ಬಂದ್ರ 600 ರೂಪಾಯಿ. ಗೂಗಲ್ 100 ಡಾಲರ್ ತುಂಬೂತನಕ ಕೈಗೆ ಕೊಡಂಗಿಲ್ಲ. ಅಂದ್ರ 8,500 ರೂಪಾಯಿ ಮ್ಯಾಲ, ಅಂದ್ರ ಮೊದಲ್ನೇ ರೊಕ್ಕ ಕಾಣೂದರಾಗ 14 ತಿಂಗಳು ದಾಟಿರ್ತದ.

ನಡುವ 10 ಡಾಲರ್ ಆದಾಗ ವಿಳಾಸ ಖಾತ್ರಿಗೆ ಅಂಚೆಯಾಗ ಪಿನ್ ಬರ್ತದ. ನಾಲ್ಕು ತಿಂಗಳದಾಗ ಅದನ್ನ ಹಾಕ್ಲಿಲ್ಲಂದ್ರ ಜಾಹೀರಾತು ಬರೂದು ನಿಲ್ತದ. ವಿಳಾಸದಾಗ ‘ಗುಡಿ ಹಿಂದ, ಹಿಟ್ಟಿನ ಗಿರಣಿ ಬಾಜು’ ಅಂತ ಬರದು ಪಿನ್‌ಕೋಡ್ ತಪ್ಪಿಸಿದ್ರ ಲಕೋಟೆ ಎಲ್ಲೋ ಅಡ್ಡಾಡ್ತದ. ಆಧಾರದಾಗ ಹೆಂಗದನೋ ಹಂಗ ಬರೀರಿ.

ಅದಕ್ಕೂ ಮೊದಲ ಅರ್ಜಿನ ತಿರಸ್ಕಾರ ಆಗೂ ಸಂಭವ ಜಾಸ್ತಿ. ಕಾರಣ ‘ಕಡಿಮಿ ಮೌಲ್ಯದ ವಿಷಯ’ ಅಂತ ಬರ್ತದ. ಮಾಹಿತಿಕೋಶಕ್ಕ ಇದು ಹುಟ್ಟು ರೋಗ. 3,000 ದಾಖಲೆ ಅಂದ್ರ 3,000 ಪುಟ, ಅದರಾಗ 2,400 ಪುಟದಾಗ ಹೆಸರು, ಊರು, ಇಸವಿ ಬಿಟ್ರ ಏನೂ ಇರಂಗಿಲ್ಲ. ಯಂತ್ರಕ್ಕ ಅದೆಲ್ಲಾ ಒಂದ ಅಚ್ಚಿನ ಖಾಲಿ ಪುಟ ಕಂಡಂಗ ಕಾಣ್ತದ. ಮದ್ದು ಏನಂದ್ರ, ಐದು ಕ್ಷೇತ್ರಕ್ಕಿಂತ ಕಡಿಮಿ ತುಂಬಿದ ಪುಟಕ್ಕ ‘ನೋಇಂಡೆಕ್ಸ್’ ಹಚ್ಚಿ ಹುಡುಕುಯಂತ್ರದಿಂದ ಮರೆ ಮಾಡ್ರಿ. ಅವನ್ನ ಕಂಪನಿವಾರು, ಊರುವಾರು ಪಟ್ಟಿಯಾಗ ತೋರಿಸ್ರಿ. ತುಂಬಿದ 600 ಪುಟ ಮುಂದ ಇರ್ಲಿ. ಆಮ್ಯಾಲ ಅರ್ಜಿ ಹಾಕ್ರಿ.

ಮತ್ತ ಒಂದು, ಗೆಳೆಯರ ಗುಂಪಿನಾಗ ‘ಜಾಹೀರಾತು ಒತ್ರಿ’ ಅಂತ ಹಾಕಬ್ಯಾಡ್ರಿ. ಖಾತೆ ಹೋದ್ರ ಹೊಳ್ಳಿ ಬರೂದು ಕಷ್ಟದ.

ಘಟಪ್ರಭಾ_ದಂಡಿ (ಗೋಕಾಕ)

ಅಫಿಲಿಯೇಟ್ ಬಗ್ಗೆನೂ ಕೇಳ್ತಾರ, ಅದಕ್ಕ ಹೇಳಿಬಿಡ್ತೀನಿ. ಅಮೆಜಾನ್ ಕೊಂಡಿ ಹಾಕಿ ಪುಸ್ತಕ, ಹಾರ್ಮೋನಿಯಂ ಮಾರಿಸಿದ್ರ ಕಮಿಷನ್ ಸಿಗತೈತಿ. ಮೊದಲ 180 ದಿನದಾಗ ಮೂರು ಮಾರಾಟ ಆಗಲಿಲ್ಲಂದ್ರ ಖಾತೆ ಬಂದ್. ಕಂಪನಿ ನಾಟಕ ಹುಡುಕಿಕೊಂಡು ಬಂದೋರು ಅಲ್ಲೇನು ಕೊಳ್ತಾರ? ವ್ಯಾಳೇ ಹಾಳು.

ಇಳಕಲ್_ಸೆರಗು (ಹುನಗುಂದ)

ಸಂಗೀತದ ಕಡೆ ನೋಡಿದರೆ ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರದ ಮಾದರಿಗಳಿವೆ.

ಡಿಸ್ಕಾಗ್ಸ್ 2000ದಲ್ಲಿ ಶುರುವಾದದ್ದು. ರೆಕಾರ್ಡು, ಕ್ಯಾಸೆಟ್ಟಿನ ವಿವರವನ್ನು ಮಂದಿಯೇ ತುಂಬುತ್ತಾರೆ. ಯಾವ ಮುದ್ರಣ, ಯಾವ ದೇಶದ್ದು, ತಟ್ಟೆಯ ಮೇಲೆ ಕೆತ್ತಿದ ಸಂಖ್ಯೆ ಏನು ಎಂಬುದರ ತನಕ. ಆ ವಿವರದ ಮೇಲೆಯೇ ಸಂತೆ ನಡೆಯುತ್ತದೆ. ಮಾರುವವನು ಕೊಡುವ ಶುಲ್ಕ ಶೇ 9, ಅದೂ 2023ರಿಂದ ಸಾಗಣೆ ವೆಚ್ಚವನ್ನೂ ಸೇರಿಸಿ. ಪಟ್ಟಿ ನೋಡಲು ಫುಕಟ, ಪಟ್ಟಿಯ ನೆರಳಲ್ಲಿ ನಡೆಯುವ ವ್ಯಾಪಾರಕ್ಕೆ ಸುಂಕ.

ಮ್ಯೂಸಿಕ್‌ಬ್ರೇನ್ಜ್ ಇನ್ನೊಂದು ತರ. ಮೆಟಾಬ್ರೇನ್ಜ್ ಎಂಬ ಲಾಭರಹಿತ ಸಂಸ್ಥೆ ಅದನ್ನು ನಡೆಸುತ್ತದೆ. ಮೂಲ ದತ್ತಾಂಶ ಸಿಸಿ-ಝೀರೊ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಆದರೂ ದೊಡ್ಡ ಕಂಪನಿಗಳು ರೊಕ್ಕ ಕೊಡುತ್ತವೆ, ಯಾಕಂದರೆ ಅವರಿಗೆ ತಾಸಿಗೊಮ್ಮೆ ಹೊಸದಾಗುವ ಪ್ರತಿ ಬೇಕು, ಕೆಟ್ಟರೆ ಕೇಳಲು ಒಬ್ಬರು ಬೇಕು. ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ದತ್ತಾಂಶ ಕೇಳುವ ದಾರಿ) ಮೂಲಕ ಪುಕ್ಕಟೆ ತಗೊಳ್ಳುವವರಿಗೆ ಸೆಕೆಂಡಿಗೆ ಒಂದೇ ಕೋರಿಕೆ. ನಿಮ್ಮ 3,000 ಹೆಸರು ಅಲ್ಲಿ ತಾಳೆ ನೋಡಲು 50 ನಿಮಿಷ ಸಾಕು, ಒಂದು ಚಹಾ ಮುಗಿಸಿ ಬರಬಹುದು. ಕೋಟ್ಯಂತರ ಹಾಡು ಇಟ್ಟವರಿಗೆ ಆ ವೇಗ ಸಾಲದು. ಅವರು ಚಂದಾ ಕಟ್ಟುತ್ತಾರೆ.

ಟಿವಿ ಧಾರಾವಾಹಿಗಳ ಟಿವಿಡಿಬಿ ಹಲವು ವರ್ಷ ಪುಕ್ಕಟೆ ಎಪಿಐ ಕೊಟ್ಟಿತ್ತು. ನಾಲ್ಕನೇ ಆವೃತ್ತಿಯಿಂದ ಕಂಪನಿ ಪರವಾನಗಿ ತಗೋಬೇಕು, ಇಲ್ಲವೇ ಬಳಕೆದಾರ ವರ್ಷಕ್ಕೆ ಸುಮಾರು 12 ಡಾಲರ್ ಕೊಡಬೇಕು. ಸಿನಿಮಾಗಳ ಟಿಎಂಡಿಬಿ ವ್ಯಾಪಾರಕ್ಕಲ್ಲದ ಬಳಕೆಗೆ ಪುಕ್ಕಟೆ, ವ್ಯಾಪಾರಕ್ಕೆ ಬೇರೆ ಒಪ್ಪಂದ. ನೋಡಿದ ಸಿನಿಮಾ ಬರೆದಿಡುವ ನ್ಯೂಜಿಲೆಂಡಿನ ತಾಣ ಲೆಟರ್‌ಬಾಕ್ಸ್‌ಡ್ ಸಿನಿಮಾ ವಿವರಗಳನ್ನು ಟಿಎಂಡಿಬಿಯಿಂದಲೇ ತಗೊಳ್ಳುತ್ತದೆ. ಅದು ಮಾರುವುದು ನೋಡುಗರ ದಿನಚರಿಯ ಅನುಕೂಲ: ವರ್ಷಕ್ಕೆ 19 ಡಾಲರಿನ ಪ್ರೊ, 49ರ ಪೇಟ್ರನ್. ಬರ್ಲಿನ್‌ನ ಜಸ್ಟ್‌ವಾಚ್ ‘ಯಾವ ಸಿನಿಮಾ ಎಲ್ಲಿ ನೋಡಬಹುದು’ ಅಂತ ಪುಕ್ಕಟೆ ಹೇಳುತ್ತಲೇ, ಯಾರಿಗೆ ಯಾವ ಬಗೆಯ ಸಿನಿಮಾ ಸೇರುತ್ತದೆ ಎಂಬ ಅಂದಾಜಿನ ಮೇಲೆ ಸ್ಟುಡಿಯೊಗಳ ಟ್ರೇಲರ್ ಪ್ರಚಾರ ನಡೆಸಿಕೊಡುತ್ತದೆ.

ಘಟಪ್ರಭಾ_ದಂಡಿ (ಗೋಕಾಕ)

ಸಿಸಿ-ಝೀರೊ ಅಂದ್ರ ಕೊಟ್ಟು ಕೈ ತೊಳ್ಕೊಂಡಂಗ. ನಾವು ಊರೂರು ತಿರುಗಿ ಕೂಡಿಸೂದು, ಮತ್ಯಾರೋ ಬೆಂಗಳೂರಾಗ ಕೂತು ಒಂದು ರಾತ್ರಿಯಾಗ ನಕಲು ಹೊಡದು ಜಾಹೀರಾತು ಹಚ್ಚೂದು. ಇದಕ್ಕೇನಂತೀರಿ?

ಇಳಕಲ್_ಸೆರಗು (ಹುನಗುಂದ)

ಅಂಜಿಕೆ ಸರಿ ಇದೆ. ಆದರೆ ಕಾನೂನು ನೋಡಿ. ‘ಇಂಥ ಕಂಪನಿ ಇಂಥ ಇಸವಿಯಲ್ಲಿ ಇಂಥ ಊರಲ್ಲಿ ಕ್ಯಾಂಪ್ ಹಾಕಿತ್ತು’ ಎಂಬ ಸಂಗತಿಯ ಮೇಲೆ ನಮ್ಮ ದೇಶದಲ್ಲಿ ಯಾರಿಗೂ ಕೃತಿಸ್ವಾಮ್ಯ ಇಲ್ಲ. ಈಸ್ಟರ್ನ್ ಬುಕ್ ಕಂಪನಿ ಮತ್ತು ಮೋದಕ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೀ ಬೆವರು ಸುರಿಸಿದ್ದು ಸಾಲದು, ಆಯ್ಕೆ-ಜೋಡಣೆಯಲ್ಲಿ ಕನಿಷ್ಠ ಸೃಜನಶೀಲತೆಯಾದರೂ ಬೇಕು ಅಂದಿದೆ. ಯುರೋಪಿನಲ್ಲಿ 1996ರ ನಿರ್ದೇಶನದಂತೆ ದತ್ತಸಂಚಯಕ್ಕೇ 15 ವರ್ಷದ ಪ್ರತ್ಯೇಕ ಹಕ್ಕಿದೆ, ನಮ್ಮಲ್ಲಿ ಅಂಥದ್ದಿಲ್ಲ. ಹಾಗಾಗಿ ಸಂಗತಿಗಳಿಗೆ ಬೀಗ ಹಾಕಿದರೂ ಅದು ಹಗ್ಗದ ಬೀಗ. ನೀವು ಬರೆದ ಟಿಪ್ಪಣಿ, ನೀವೇ ತೆಗೆದ ಫೋಟೊ, ಧ್ವನಿಮುದ್ರಿಸಿದ ಸಂದರ್ಶನ ಇವು ನಿಮ್ಮವು. ಅವುಗಳ ಪರವಾನಗಿ ಬೇರೆ ಇಡಿ.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ಸಿಡಿಡಿಬಿ ಎಂಬ ಸಂಗೀತ ಮಾಹಿತಿಕೋಶ 1990ರ ದಶಕದಲ್ಲಿ ಬೆಳೆಯಿತು. ಕಂಪ್ಯೂಟರಿಗೆ ಸಿಡಿ ಹಾಕಿದವರೇ ಹಾಡುಗಳ ಹೆಸರು ಕೈಯಾರೆ ಟೈಪ್ ಮಾಡಿ ಕಳಿಸುತ್ತಿದ್ದರು. ಆಮೇಲೆ ಅದು ಗ್ರೇಸ್‌ನೋಟ್ ಎಂಬ ಕಂಪನಿಯಾಗಿ ಪರವಾನಗಿ ಬಿಗಿಮಾಡಿತು. 2008ರಲ್ಲಿ ಸೋನಿ ಅದನ್ನು 26 ಕೋಟಿ ಡಾಲರಿಗೆ ಕೊಂಡಿತು. ಟೈಪ್ ಮಾಡಿದ ಮಂದಿಗೆ ಚಿಕ್ಕಾಸೂ ಇಲ್ಲ. ಮ್ಯೂಸಿಕ್‌ಬ್ರೇನ್ಜ್ ಹುಟ್ಟಿದ್ದೇ, ಸೋನಿ ಕೊಳ್ಳುವ ಮುಂಚೆಯೇ, ಆ ಪರವಾನಗಿ ಬಿಗಿಮಾಡಿದ ಸಿಟ್ಟಿನಿಂದ. ಮಾಹಿತಿ ಕೊಡುವವರಿಗೆ ಮೊದಲ ದಿನವೇ ಪರವಾನಗಿ ತೋರಿಸಿ ಒಪ್ಪಿಗೆ ಪಡೆಯದೆ ಹೋದರೆ, ಐದು ವರ್ಷ ಆದಮೇಲೆ ನೀವು ಮುಚ್ಚಲೂ ಬಾರದು, ತೆರೆಯಲೂ ಬಾರದು. ಯಾರು ಏನು ಕೊಟ್ಟರು ಅಂತ ಒಬ್ಬೊಬ್ಬರನ್ನೂ ಹುಡುಕಿ ಕೇಳಬೇಕಾಗುತ್ತದೆ.

ಪಿಸುಗುಮ್ಮಟ (ವಿಜಯಪುರ)

ನಕಲು ಹೊಡಿಯೋರನ್ನ ಹಿಡಿಯಾಕ ಒಂದು ಹಳೇ ಉಪಾಯ ಅದ. ನಕಾಶೆ ಮಾಡೋರು ಇಲ್ಲದ ಓಣಿ ಒಂದು ಸೇರಸ್ತಿದ್ರಲ್ಲ, ಹಂಗ. ಖರೆ ಮನಷ್ಯಾರ ಹೆಸರಿನಾಗ ಮಾತ್ರ ಸುಳ್ಳು ಬೆರಸಬ್ಯಾಡ್ರಿ, ನಂಬಿಗಿ ಹೋಗ್ತದ. ಟಿಪ್ಪಣಿಯಾಗ ಒಂದು ವಿಚಿತ್ರ ಪದಜೋಡಣೆ ಇಟ್ರ ಸಾಕು, ಆ ಸಾಲನ್ನ ಹುಡುಕಿದ್ರ ಕದ್ದೋರ ಮನಿ ಸಿಗ್ತದ.

ಇನ್ನ ಸರ್ವರ್ ಖರ್ಚು. ಅಕ್ಷರಕ್ಕ ರೊಕ್ಕ ಹತ್ತಂಗಿಲ್ಲ. ದಾಖಲೆಗೆ 2 ಕೆಬಿ ಹಿಡದ್ರೂ 3,000ಕ್ಕ 6 ಎಂಬಿ. ಸ್ಥಿರ ಪುಟ ಮಾಡಿ ಇಟ್ರ ಫುಕಟ ಹೋಸ್ಟಿಂಗದಾಗನ ಕೂಡ್ತದ, ಡೊಮೇನಿಗೆ ವರ್ಷಕ್ಕ ಸಾವಿರದ ಆಸುಪಾಸು. ತಿನ್ನೂದು ಚಿತ್ರ. ಎ4 ಅಳತಿ ಹ್ಯಾಂಡ್‌ಬಿಲ್ 300 ಡಿಪಿಐದಾಗ ಸ್ಕ್ಯಾನ್ ಮಾಡಿದ್ರ 2480 × 3508 ಪಿಕ್ಸೆಲ್, ಸಂಕುಚನ ಇಲ್ಲದ ಟಿಫ್ ಚಿತ್ರಕಡತ 26 ಎಂಬಿ. ಸಾವಿರಕ್ಕ 26 ಜಿಬಿ. ಇವನ್ನ ಎರಡು ಹಾರ್ಡ್‌ಡಿಸ್ಕಿನಾಗ, ಎರಡು ಬ್ಯಾರೆ ಊರಾಗ ಇಡ್ರಿ. ಜಾಲಕ್ಕ 1200 ಪಿಕ್ಸೆಲ್ ಅಗಲದ ವೆಬ್‌ಪಿ (ಹಗುರ ಚಿತ್ರಕಡತ) ಮಾಡ್ರಿ. ಒಂದಕ್ಕ 200 ಕೆಬಿ ಅಂದ್ರ ಎಲ್ಲಾ ಕೂಡಿ 200 ಎಂಬಿ. ದೊಡ್ಡ ಟಿಫ್ ಜಾಲದಾಗ ತೆರೆದಿಟ್ರ ಎಐ ಕಂಪನಿಗಳ ತೆವಳುಯಂತ್ರ ಬಂದು ರಾತ್ರಿಯೆಲ್ಲಾ ಎಳೀತಾವ, ತಿಂಗಳ ಕೊನಿಗೆ ಬ್ಯಾಂಡ್‌ವಿಡ್ತ್ ಬಿಲ್ ನೋಡಿದಾಗ ಗೊತ್ತಾಗ್ತದ. ಪಠ್ಯದ ಪೂರ್ತಿ ಪ್ರತಿಯನ್ನ ತಿಂಗಳಿಗೊಮ್ಮೆ ಒಂದ ಜಿಪ್ ಕಡತ ಮಾಡಿ ಇಟ್ಟುಬಿಡ್ರಿ, ಬೇಕಾದೋರು ಅದನ್ನ ತಗೊಂಡು ಹೋಗ್ಲಿ, ಪುಟ ಪುಟ ಕೆರಿಯೂದು ಕಡಿಮಿ ಆಗ್ತದ.

‘ನುಡಿ’ ತಂತ್ರಾಂಶದ ಹಳೇ ಅಕ್ಷರದಾಗ ಟೈಪ್ ಮಾಡಿದ್ದನ್ನ ಯೂನಿಕೋಡಿಗೆ ತಿರುಗಿಸದ ಏರಿಸಬ್ಯಾಡ್ರಿ. ಹುಡುಕಿದ್ರ ಒಂದೂ ಸಿಗಂಗಿಲ್ಲ.

ಬಿಳಿ_ನಾಲ್ಕು (ಬೈಲಹೊಂಗಲ)

ಕುಂದಾನಗರಿ ಅವರು ಹೇಳಿದ ಎರಡನೇ ಕಾಲುವಿ ನಮ್ಮ ಕಡೆ ಎಲ್ಲಿ ಹರೀತೈತಿ ಅಂತ ಯಾರೂ ಬರೀಲಿಲ್ಲ. ಜಾತ್ರಿ ಬಂತಂದ್ರ ಹಳ್ಳಿ ಹುಡುಗ್ರು ಸಾಮಾಜಿಕ ನಾಟಕ ಹಿಡೀತಾರ. ಅವರಿಗೆ ಏನೇನು ಹೊರಗಿಂದ ಬೇಕು? ನಾಯಕಿ ಪಾತ್ರಕ್ಕ, ಹಾಸ್ಯ ಪಾತ್ರಕ್ಕ ಕಲಾವಿದೆಯರು, ಹಾರ್ಮೋನಿಯಂ ಮಾಸ್ತರ, ತಬಲಾ, ಕ್ಯಾಸಿಯೊ, ಸೀನರಿ, ಲೈಟು. ಎಲ್ಲಾ ಬಾಯಿಂದ ಬಾಯಿಗೆ ಹುಡುಕೂದು. ಒಂದ ತಾರೀಕಿಗೆ ಇಬ್ಬರಿಗೆ ಒಪ್ಪಿಕೊಂಡು ಜಗಳ ಆಗೂದು, ಮುಂಗಡ ತಗೊಂಡೋರು ಫೋನ್ ಎತ್ತದ ಇರೂದು ಇದೆಲ್ಲಾ ಪ್ರತಿ ಹಂಗಾಮಿನ ಗೋಳು. ಮಾಹಿತಿಕೋಶದಾಗ ಕಲಾವಿದರ ಪುಟಕ್ಕ ‘ಖಾಲಿ ಇರೂ ತಾರೀಕು’ ಅನ್ನೂ ಒಂದು ಪಟ್ಟಿ ಸೇರಿಸ್ರಿ. ಹುಡುಕೂದು ಫುಕಟ. ಗೊತ್ತು ಮಾಡಿಸಿಕೊಟ್ರ ನಾಟಕದ ಕಮಿಟಿ ಕಡಿಂದ ಒಂದು ಸಣ್ಣ ಸೇವಾಶುಲ್ಕ, ಲೆಕ್ಕಕ್ಕ 200 ರೂಪಾಯಿ ಇಡ್ರಿ. ಒಂದು ಹಂಗಾಮಿನಾಗ 150 ಗೊತ್ತು ಆದ್ರ 30,000. ಪಿಸುಗುಮ್ಮಟ ಅವರ ಲೆಕ್ಕದಾಗ ಇಷ್ಟು ರೊಕ್ಕ ಜಾಹೀರಾತಿಂದ ಬರಬೇಕಂದ್ರ ಹತ್ತು ಲಕ್ಷ ವೀಕ್ಷಣೆ ಬೇಕು. ಕಲಾವಿದರ ಕಡಿಂದ ಮಾತ್ರ ಒಂದು ಪೈಸೆನೂ ಮುಟ್ಟಬ್ಯಾಡ್ರಿ. ಅವರು ರೊಕ್ಕ ಕೊಟ್ಟು ಮ್ಯಾಲ ಬಂದ್ರು ಅಂತ ಗೊತ್ತಾದ್ರ ಪಟ್ಟಿ ಮ್ಯಾಲಿನ ನಂಬಿಗಿ ಅವತ್ತ ಮುಗೀತು.

ಇನ್ನ ಮುಖ್ಯ ಮಾತು. ಕಲಾವಿದೆಯರ ಫೋನ್ ನಂಬರ್ ಪುಟದ ಮ್ಯಾಲ ಹಾಕಲೇಬ್ಯಾಡ್ರಿ. ಹಾಕಿದ ವಾರದಾಗ ಅಪರಾತ್ರಿ ಫೋನ್ ಶುರು ಆಗ್ತಾವ, ಎರಡನೇ ವಾರದಾಗ ಅವರು ಹೆಸರ ತಗೀರಿ ಅಂತಾರ. ಹಿಂಗ ಮಾಡ್ರಿ: ಕಮಿಟಿ ಅರ್ಜಿ ತುಂಬ್ತೈತಿ (ಊರು, ತಾರೀಕು, ನಾಟಕದ ಹೆಸರು, ಪಾತ್ರ, ಸಂಭಾವನೆ, ಹೋಗಿಬರೂ ಗಾಡಿ, ಉಳಿಯೂ ವ್ಯವಸ್ಥಾ). ನಿಮ್ಮವರೊಬ್ಬರು ಊರಿನ ಹಿರಿಯಾರಿಗೆ ಫೋನ್ ಮಾಡಿ ಖಾತ್ರಿ ಮಾಡ್ತಾರ. ಆಮ್ಯಾಲ ಆ ಅರ್ಜಿ ಕಲಾವಿದೆಗೆ ಹೋಗ್ತೈತಿ. ಒಪ್ಪಿದ್ರ ಮಾತ್ರ ನಂಬರ್ ಬದಲಾವಣಿ. ರೊಕ್ಕ ಕೊಡೂದು ಈ ನಡುವಿನ ಕೆಲಸಕ್ಕ.

ಕುಂದಾನಗರಿ (ಬೆಳಗಾವಿ)

ಬಿಳಿ_ನಾಲ್ಕು ಅವರ ಮಾತಿಗೆ ಒಂದು ಸೇರ್ಪಡೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆಯೇ ಬುನಾದಿ, ಹಿಂತೆಗೆದುಕೊಳ್ಳುವ ಹಕ್ಕೂ ಇದೆ. ವಯಸ್ಸಿನ ಕಾಲಂ ಬೇಡವೇ ಬೇಡ. ವಯಸ್ಸು ಕಂಡರೆ ಪಾತ್ರ ಸಿಗುವುದಿಲ್ಲ ಅಂತ ಒಬ್ಬ ನಟಿ ಐಎಂಡಿಬಿ ಮೇಲೆ 2011ರಲ್ಲಿ ದಾವೆ ಹಾಕಿ ಸೋತರು. ಆಮೇಲೆ ಕ್ಯಾಲಿಫೋರ್ನಿಯಾ 2016ರಲ್ಲಿ ವಯಸ್ಸು ತೆಗೆಸುವ ಕಾನೂನನ್ನೇ ಮಾಡಿತು, ಅದನ್ನೂ ನ್ಯಾಯಾಲಯಗಳು ವಾಕ್‌ಸ್ವಾತಂತ್ರ್ಯದ ಹೆಸರಲ್ಲಿ ರದ್ದು ಮಾಡಿದವು. ಅಲ್ಲಿ ಗೆದ್ದದ್ದು ಮಾಹಿತಿಕೋಶ. ನಿಮ್ಮದು ನಿಂತಿರುವುದು ಕಲಾವಿದರ ವಿಶ್ವಾಸದ ಮೇಲೆ, ಗೆಲ್ಲುವ ಹಟ ಬೇಡ.

ದೇಣಿಗೆ ಬಗ್ಗೆ: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಕನಿಷ್ಠ 7 ಮಂದಿ ಸೇರಿ ಸಂಘ ಮಾಡಬೇಕು. ಆಮೇಲೆ ಆದಾಯ ತೆರಿಗೆ ಇಲಾಖೆಯಲ್ಲಿ ಎರಡು ನೋಂದಣಿ: ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ, ದಾನಿಗೆ ತೆರಿಗೆ ವಿನಾಯಿತಿ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ ಹಿಡಿದು ಅವನ್ನು 12ಎ, 80ಜಿ ಅಂತ ಕರೆಯುವುದು ರೂಢಿ. 80ಜಿ ಇದ್ದರೂ 2,000 ರೂಪಾಯಿ ಮೀರಿದ ನಗದಿಗೆ ದಾನಿಗೆ ವಿನಾಯಿತಿ ಸಿಗುವುದಿಲ್ಲ, ಯುಪಿಐ ಅಥವಾ ಚೆಕ್ ಕೇಳಿ. ಹೊರದೇಶದಲ್ಲಿ ನೆಲೆಸಿದ ನಮ್ಮ ಊರವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ತೊಂದರೆಯಿಲ್ಲ. ಆ ದೇಶದ ಪೌರತ್ವ ತಗೊಂಡಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ಒಂದು ಡಾಲರೂ ಮುಟ್ಟಬೇಡಿ.

ಬನಶಂಕರಿ_ತೇರು (ಬಾದಾಮಿ)

ಭಾಳ ಉಪಕಾರ ಆತ್ರಿ. ಎರಡು ಸಂಶಯ. ಹ್ಯಾಂಡ್‌ಬಿಲ್ ಚಿತ್ರ ಹಾಕಿದ್ರ ಹಕ್ಕಿನ ತಕರಾರು ಬರ್ತೈತೇನು? ಮತ್ತ ಭಾಳಷ್ಟು ಬಿಲ್ಲಿನಾಗ ಇಸವಿನ ಇಲ್ಲ, ‘ದಿನಾಂಕ 14, ಶುಕ್ರವಾರ’ ಅಂತಷ್ಟ ಇರ್ತೈತಿ. ಇಂಥಾ ದಾಖಲೆಗೆ ಯಾರರೆ ರೊಕ್ಕ ಕೊಡ್ತಾರೇನು?

ಇಳಕಲ್_ಸೆರಗು (ಹುನಗುಂದ)

ಮೊದಲನೆಯದಕ್ಕೆ: ಫೋಟೊ ಪ್ರಕಟವಾದ ಮುಂದಿನ ವರ್ಷದ ಶುರುವಿನಿಂದ 60 ವರ್ಷ ಹಕ್ಕು ಅಂತ ಮೊದಲಿತ್ತು, 2012ರ ತಿದ್ದುಪಡಿಯಿಂದ ತೆಗೆದವರು ತೀರಿಕೊಂಡ ಮೇಲೆ 60 ವರ್ಷ. ಕಲಾವಿದನ ಹೆಸರಿರುವ ಚಿತ್ರವಾದರೂ ಅವನು ತೀರಿಕೊಂಡ ಮೇಲೆ 60 ವರ್ಷ. ಕಂಪನಿ ಮಾಲೀಕರ ಮನೆಯವರಿಂದ ಒಂದು ಪುಟದ ಲಿಖಿತ ಒಪ್ಪಿಗೆ ಪಡೆಯಿರಿ, ಆಕ್ಷೇಪ ಬಂದರೆ ಮೊದಲು ಮರೆಮಾಡಿ, ಆಮೇಲೆ ಮಾತು.

ಎರಡನೆಯದೇ ನಿಮ್ಮ ಬಂಡವಾಳ. ತಿಂಗಳು ಜನವರಿ ಅಂತ ಬೇರೆ ಸುಳಿವಿನಿಂದ, ಉದಾಹರಣೆಗೆ ಸಂಕ್ರಮಣದ ಹೆಸರಿನಿಂದ ಗೊತ್ತಾಯಿತು ಅನ್ನಿ. 1970ರಿಂದ 2000ದ ಒಳಗೆ ಜನವರಿ 14 ಶುಕ್ರವಾರ ಬಿದ್ದದ್ದು 1972, 1977, 1983, 1994, 2000 ಮಾತ್ರ. ಐದಕ್ಕೆ ಇಳಿಯಿತಲ್ಲ. ಇನ್ನು ಟಿಕೀಟಿನ ದರ, ತಳದಲ್ಲಿರುವ ಪ್ರೆಸ್ಸಿನ ಹೆಸರು, ನಟಿಯ ಹೆಸರಿನ ಹಿಂದಿನ ಬಿರುದು ನೋಡಿ ಒಂದಕ್ಕೆ ತರಬಹುದು. ‘ಬಾಗಲಕೋಟ ಜಿಲ್ಲೆ’ ಅಂತ ಅಚ್ಚಾಗಿದ್ದರೆ 1997ರ ಈಚಿನದು, ಅದಕ್ಕೂ ಮುಂಚೆ ಬಿಜಾಪುರ ಜಿಲ್ಲೆಯೇ. ಇಸವಿಯ ಮುಂದೆ ‘ಅಚ್ಚಾಗಿದೆ’, ‘ಲೆಕ್ಕ ಹಾಕಿದ್ದು’, ‘ಅಂದಾಜು’ ಅಂತ ಮೂರರಲ್ಲಿ ಒಂದು ಗುರುತು ಇರಲೇಬೇಕು. ಊರಿಗೆ ಎರಡು ಕಾಲಂ: ಬಿಲ್ಲಿನಲ್ಲಿ ಇದ್ದಂತೆ, ಇಂದಿನ ಹೆಸರು.

ಹೆಸರಿಗೂ ಇದೇ. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಹೆಸರು ಅಮೀರ್‌ಬಾಯಿ, ಅಮೀರಬಾಯಿ, ಅಮೀರ್ ಬಾಯಿ ಹೀಗೆಲ್ಲ ಸಿಗುತ್ತದೆ. ಒಬ್ಬರಿಗೆ ಒಂದೇ ಸಂಖ್ಯೆ, ಉಳಿದ ರೂಪಗಳೆಲ್ಲ ಅದರ ಕೆಳಗೆ. ವಿಕಿಪೀಡಿಯದ ಸೋದರ ದತ್ತಾಂಶಕೋಶ ವಿಕಿಡೇಟಾದಲ್ಲಿ ಐಎಂಡಿಬಿ ಗುರುತಿಗೆ ಪಿ345, ಮ್ಯೂಸಿಕ್‌ಬ್ರೇನ್ಜ್ ಕಲಾವಿದರಿಗೆ ಪಿ434 ಅಂತ ಕೊಂಡಿಗಳಿವೆ, ಅವನ್ನು ನಿಮ್ಮ ದಾಖಲೆಗೂ ಹಚ್ಚಿ. ಹೊರಗಿನ ಸಂಗೀತ ಕಂಪನಿ ಅಥವಾ ಸಂಶೋಧಕರು ರೊಕ್ಕ ಕೊಟ್ಟರೆ ಈ ಹೊಂದಾಣಿಕೆಗೆ ಕೊಡುತ್ತಾರೆ. ಬರೀ ಸ್ಕ್ಯಾನ್ ಚಿತ್ರ ಎಲ್ಲಿ ಬೇಕಾದರೂ ಸಿಗುತ್ತದೆ.

ಘಟಪ್ರಭಾ_ದಂಡಿ (ಗೋಕಾಕ)

ಬನದ ಹುಣ್ಣಿವಿಗೆ ಬನಶಂಕರಿ ಜಾತ್ರಿ, ಕಂಪನಿಗಳೆಲ್ಲಾ ಅಲ್ಲೇ ಕ್ಯಾಂಪ್ ಹಾಕ್ತಾವ. ಆ ತಿಂಗಳ ನಿಮ್ಮ ಪುಟಕ್ಕ ಮಂದಿ ಜಾಸ್ತಿ. ಗೂಗಲ್ಲಿನ ಹಾದಿ ಕಾಯೂ ಬದಲಿ ಕರದಂಟಿನ ಅಂಗಡಿ, ಸೀರಿ ಅಂಗಡಿಯವರಿಗೆ ಆ ಒಂದು ತಿಂಗಳ ಜಾಗ ನೇರ ಮಾರ್ರಿ. ‘ಯಾವ ಕಂಪನಿ, ಯಾವ ನಾಟಕ, ಎಷ್ಟು ಹೊತ್ತಿಗೆ’ ಅನ್ನೂ ಪುಟದ ತೆಲಿ ಮ್ಯಾಲ ಒಂದ ಪಟ್ಟಿ. ‘ಪ್ರಾಯೋಜಿತ’ ಅಂತ ದಪ್ಪ ಅಕ್ಷರದಾಗ ಇರ್ಲಿ. ರಸೀದಿ ಕೊಡೂದು ಮರೀಬ್ಯಾಡ್ರಿ, ಮುಂದಿನ ವರ್ಷ ಅದ ರಸೀದಿ ಹಿಡ್ಕೊಂಡು ಹೋದ್ರ ಎರಡ ನಿಮಿಷದ ಮಾತು.

ಬನಶಂಕರಿ_ತೇರು (ಬಾದಾಮಿ)

ಹಂಗಾದ್ರ ಮೊದಲ ಒಪ್ಪಿಗಿ ಅರ್ಜಿ ತಯಾರ ಮಾಡ್ತೀನ್ರಿ. ಕರಡು ಹಿಂಗೈತಿ: ‘ನಾನು ಕೊಡುತ್ತಿರುವ ಹೆಸರು, ಊರು, ಪಾತ್ರ, ಇಸವಿಯ ವಿವರಗಳನ್ನು ಸಿಸಿ-ಝೀರೊ ಅಡಿ ಪ್ರಕಟಿಸಲು ಒಪ್ಪಿದ್ದೇನೆ. ನನ್ನ ಫೋಟೊ ಮತ್ತು ಫೋನ್ ಸಂಖ್ಯೆಯನ್ನು ಮಾಹಿತಿಕೋಶ ಶಾಶ್ವತವಾಗಿ ಬಳಸಬಹುದು.’ ತಪ್ಪಿದ್ರ ಹೇಳ್ರಿ.

ಬಿಳಿ_ನಾಲ್ಕು (ಬೈಲಹೊಂಗಲ)

‘ಶಾಶ್ವತವಾಗಿ’ ತಗೀರಿ. ಫೋಟೊಕ್ಕ ಒಂದು ಸಹಿ, ಫೋನಿಗೆ ಒಂದು ಸಹಿ, ಎರಡೂ ಬ್ಯಾರೆ ಬ್ಯಾರೆ. ಫೋನಿನ ಸಾಲಿನಾಗ ‘ಪ್ರಕಟಿಸುವುದಿಲ್ಲ, ಅರ್ಜಿ ತಲುಪಿಸಲು ಮಾತ್ರ’ ಅಂತ ಸೇರಿಸ್ರಿ. ಕೆಳಗ ‘ಯಾವಾಗ ಬೇಕಾದರೂ ಹೇಳಿದರೆ 7 ದಿನದಲ್ಲಿ ತೆಗೆಯುತ್ತೇವೆ’ ಅಂತ ಬರದು, ಯಾರಿಗೆ ಹೇಳಬೇಕು ಅನ್ನೂ ನಂಬರನೂ ಅಚ್ಚು ಹಾಕಸ್ರಿ. ಓದಾಕ ಬರದೋರಿಗೆ ಓದಿ ಹೇಳಿದವರ ಹೆಸರಿಗೂ ಒಂದು ಗೆರಿ ಬಿಡ್ರಿ.